ಜೇನ್ ಮುಟ್ಟದ ಚೀಲ

ಉಡುಪಿ ಕಡೆಯ ಜೇನ್ ಡಿಮೆಲ್ಲೊ ಗಲ್ಫಿನ ಅಲ್ ಮಬೇಲಾದ ಒಂದು ಖಾಸಗಿ ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಸೆಕ್ಯುರಿಟಿ ಆಫೀಸರ್. ಹೆಸರಿಗೆ ಆಫೀಸರ್, ಅಧಿಕಾರ ಮಾತ್ರ ಗೇಟಿನಷ್ಟೇ ಅಗಲ. ಬಂದವರನ್ನು ವಿಚಾರಿಸಬಹುದು, ಐಡಿ ಕೇಳಬಹುದು, ಏನಾದರೂ ನಡೆದರೆ ಪೊಲೀಸರಿಗೆ ತಿಳಿಸಬೇಕು. ಯಾರನ್ನೂ ಕೂಡಿಹಾಕುವಂತಿಲ್ಲ, ಯಾರ ಮೈಯನ್ನೂ ಚೀಲವನ್ನೂ ತಡಕುವಂತಿಲ್ಲ. ನಿಯಮ ಅಂದರೆ ಅವಳಿಗೆ ನಿಯಮವೇ. ಅದೇ ಕಾಲೇಜಿನ ಲೈಬ್ರರಿಯಲ್ಲಿರುವ ನನ್ನನ್ನೂ ಐಡಿ ಇಲ್ಲದೆ ಒಳಗೆ ಬಿಟ್ಟವಳಲ್ಲ, ಪುಣ್ಯಾತ್ಗಿತ್ತಿ!

ಹಾಸ್ಟೆಲಿನ ಕ್ಲೀನರ್ ಸುಂದರಿ ಕಾರ್ಕಳದವಳು. ಮಧ್ಯಾಹ್ನ ಇಬ್ಬರೂ ಡಬ್ಬಿ ಹಂಚಿಕೊಂಡು, ತುಳುವಿನಲ್ಲಿ ಊರಿನ ಸುದ್ದಿ ಮಾತಾಡುತ್ತ ಉಣ್ಣುತ್ತಿದ್ದರು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಯ ಚಿನ್ನದ ಬಳೆ ಕಾಣೆಯಾಯಿತು. ಆ ಕೋಣೆ ಗುಡಿಸಿದ್ದವಳು ಸುಂದರಿ. ಮ್ಯಾನೇಜರ್ ಜೆಫ್ರಿ ಅವಳನ್ನು ಆಫೀಸಿಗೆ ಕರೆಸಿದ. ಅವಳ ಕೈ ನಡುಗುತ್ತಿತ್ತು.

"ಕಳ್ಳನ ಮನಸ್ಸು ಹುಳ್ಳುಳ್ಳಗೆ. ಜೇನ್, ಬಾಗಿಲು ಹಾಕಿ ಇವಳನ್ನು ಚೆಕ್ ಮಾಡು, ಖಲಾಸ್," ಅಂದ. ಬಡವರ ಕೈ ನಡುಗುವುದಕ್ಕೆ ಕಳ್ಳತನವೇ ಆಗಬೇಕೆಂದಿಲ್ಲ ಅಂತ ಆ ದೊಡ್ಡ ಮನುಷ್ಯನಿಗೆ ಹೇಳುವವರು ಯಾರು?

"ನನಗೆ ಆ ಪವರ್ ಇಲ್ಲ ಸರ್," ಅಂದಳು ಜೇನ್.

ಆಗ ಸುಂದರಿಯೇ ತನ್ನ ಚೀಲ ಮುಂದಿಟ್ಟು ಕೈಮುಗಿದಳು. "ನೀನೇ ನೋಡು ಮಾರಾಯ್ತಿ. ಪೊಲೀಸ್ ಬೇಡ. ಕೇಸಾದ್ರೆ ನನ್ನ ವೀಸಾ ಹೋಗ್ತದೆ."

ಜೇನ್ ಚೀಲ ಮುಟ್ಟಲಿಲ್ಲ. ಇವತ್ತು ಇವಳು ಒಪ್ಪಿದಳೆಂದು ತಡಕಿದರೆ ನಾಳೆ ಎಲ್ಲ ಕ್ಲೀನರುಗಳನ್ನೂ ಹೆದರಿಸಿ ಒಪ್ಪಿಸುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಪೊಲೀಸರಿಗೆ ಫೋನ್ ಮಾಡಿ, ಬಾಗಿಲು ತೆರೆದೇ ಇಟ್ಟು, ಸುಂದರಿಯ ಪಕ್ಕ ನೆಟ್ಟಗೆ ಕೂತಳು. ಯಾರ ಪಕ್ಷವನ್ನೂ ವಹಿಸಬಾರದೆಂದು ತರಬೇತಿಯಲ್ಲಿ ಹೇಳಿದ್ದರು, ಹಾಗಾಗಿ ಒಂದು ಮಾತೂ ಆಡಲಿಲ್ಲ.

ಮಹಿಳಾ ಪೊಲೀಸರು ಬಂದು ಮರ್ಯಾದೆಯಿಂದಲೇ ತಪಾಸಣೆ ಮಾಡಿದರು. ಏನೂ ಸಿಗಲಿಲ್ಲ. ಮರುದಿನ ಬಳೆ ಆ ಹುಡುಗಿಯ ಅಕ್ಕನ ಕಾರಿನ ಸೀಟಿನಡಿ ಸಿಕ್ಕಿತು. ಸುಂದರಿಯ ಕೆಲಸ ಉಳಿಯಿತು, ವೀಸಾವೂ ಉಳಿಯಿತು. ಆದರೆ ಅವಳು ಊಟಕ್ಕೆ ಬರುವುದನ್ನು ಬಿಟ್ಟಳು.

ಜೇನ್ ಕೊನೆಗೆ ತಾನೇ ಹುಡುಕಿಕೊಂಡು ಹೋದಳು. ಜೊತೆಗೆ ನಾನೂ ಇದ್ದೆ.

"ನಾನು ಮುಟ್ಟಿದ್ರೆ ತಪ್ಪಾಗ್ತಿತ್ತು ಸುಂದರಿ. ನನಗೆ ಅಧಿಕಾರ ಇರ್ಲಿಲ್ಲ."

ನೆಲ ಒರೆಸುತ್ತಿದ್ದ ಸುಂದರಿ ತಲೆ ಎತ್ತಲಿಲ್ಲ. "ಮುಟ್ಟದ್ದು ಒಳ್ಳೇದೇ ಆಯ್ತು. ಆದ್ರೆ ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದಿಯಲ್ಲ, 'ನೀನು ಕದ್ದಿಲ್ಲ, ನಂಗೆ ಗೊತ್ತುಂಟು' ಅಂತ ಒಂದು ಮಾತು ಹೇಳ್ಬಹುದಿತ್ತು. ಅದಕ್ಕೂ ಅಧಿಕಾರ ಬೇಕಿತ್ತಾ?"

ಜೇನ್ ಯೂನಿಫಾರ್ಮಿನಲ್ಲೇ, ನನ್ನೆದುರೇ, ಅತ್ತುಬಿಟ್ಟಳು.