ನಾನು ಪಾಸು ಮಾಡಿದ ಮೋಟಾರು

ಹೋದ ವಾರ ನಮ್ಮ ಮಿಕ್ಸಿ ಸುಟ್ಟುಹೋಯಿತು. ವಡೆಗೆ ಉದ್ದು ಹಾಕಿ ಗುಂಡಿ ತಿರುಗಿಸಿದೆ. ಗೊರ್ ಎಂದು ನಿಂತೇಬಿಟ್ಟಿತು. ಅಡುಗೆಮನೆ ತುಂಬ ವಾರ್ನಿಷ್ ಸುಟ್ಟ ವಾಸನೆ. "ಅಮ್ಮಾ, ಕಿಟಕಿ ತೆಗಿ, ಅಲಾರಾಂ ಹೊಡ್ಕೊಳ್ಳತ್ತೆ!" ಎಂದು ಮಗಳು ಮೇಲಿನಿಂದ ಕೂಗಿದಳು. ನಾನು ಕಿಟಕಿ ತೆಗೆಯಲಿಲ್ಲ, ಅಲ್ಲೇ ನಿಂತು ಮೂಸಿದೆ. ಪೀಣ್ಯದ ಫ್ಯಾನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಸುತ್ತಿದವಳು ನಾನು. ಆ ವಾಸನೆಗೆ ನೆನಪಾಗಬೇಕಾದದ್ದು ಕಾರ್ಖಾನೆ. ಆದರೆ ನೆನಪಾದದ್ದು ಇಲ್ಲಿ ಐರ್ಲೆಂಡಿನ ಸ್ವೋರ್ಡ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಜಮಾನರ ಶೆಡ್ಡು. ಅಲ್ಲಿ ನಾನು ಮಾಡಿದ್ದು ಕೂಡ.

ಮಗಳ ಬಾಣಂತನಕ್ಕೆ ಬಂದು ಇಲ್ಲೇ ಉಳಿದವಳು ನಾನು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಗೋಡೆ. ಅವರು ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಸಾಗಿಸುವ ಬೆಲ್ಟುಗಳನ್ನು ರಿಪೇರಿ ಮಾಡಿ ರಿಟೈರಾದವರು. ಆ ಗದ್ದಲಕ್ಕೆ ಕಿವಿ ಅರ್ಧ ಹೋಗಿತ್ತು. ಬೆರಳಿನ ಗೆಣ್ಣುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಆದರೂ ದಿನವೆಲ್ಲ ಶೆಡ್ಡಿನಲ್ಲಿ ಕೂತು ಪುಟ್ಟ ಪುಟ್ಟ ಮೋಟಾರುಗಳನ್ನು ಜೋಡಿಸಿ ಏನೇನೋ ಆಡಿಸುತ್ತಿದ್ದರು. ಆರು ಕಾಲಿನ ಜೇಡ, ಕತ್ತು ತಿರುಗಿಸುವ ಗೂಬೆ... ದೊಡ್ಡವರ ಆಟಿಕೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ಶೆಡ್ಡಿನಿಂದ ಕಿರ್, ಟಕ್, ಕಿರ್, ಟಕ್ ಎಂದು ಬರುತ್ತಿತ್ತು. ಕೇಳಿ ಕೇಳಿ ತಡೆಯಲಾಗದೆ ಗೋಡೆಯ ಮೇಲಿಂದ "ಗೇರ್ ಬ್ರೋಕನ್! ಒನ್ ಹಲ್ಲು!" ಎಂದು ಕೂಗಿದೆ. ಹಲ್ಲಿಗೆ ಇಂಗ್ಲಿಷು ಬರಲಿಲ್ಲ, ನನ್ನ ಹಲ್ಲನ್ನೇ ಬೆರಳಿನಿಂದ ತೋರಿಸಿದೆ. ಅವರು ಮೋಟಾರು ಬಿಚ್ಚಿ ನೋಡಿದರೆ ಒಂದು ಗೇರಿನ ಒಂದೇ ಒಂದು ಹಲ್ಲು ಮುರಿದಿತ್ತು. ನಗುತ್ತ ಹೆಂಡತಿಯನ್ನು ಕಿಟಕಿಗೆ ಕರೆದು ತೋರಿಸಿದರು. ಅಂದಿನಿಂದ ನಾನು ಅವರಿಗೆ ಇನ್‌ಸ್ಪೆಕ್ಟರ್. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಇಲ್ಲಿ ಬರೆಯುವ ಅವರ ಮಾತೆಲ್ಲ ನನಗೆ ಅರ್ಥವಾದಷ್ಟು.

ಹೆಂಡತಿ ಗಾಲಿಕುರ್ಚಿಯಲ್ಲಿದ್ದರು. ಯಾವುದೋ ನರದ ಕಾಯಿಲೆ. ಎರಡೂ ಕೈ ಬಿದ್ದುಹೋಗಿದ್ದವು, ಕತ್ತು ನಿಲ್ಲದೆ ತಲೆಯನ್ನು ಕುರ್ಚಿಯ ದಿಂಬಿಗೆ ಪಟ್ಟಿಯಿಂದ ಒರಗಿಸಿರುತ್ತಿದ್ದರು. ಒಂದು ಪಾದ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಗಂಡನೇ ಮೂರು ಹೊತ್ತೂ ತಿನ್ನಿಸುತ್ತಿದ್ದರು. ಆಯಮ್ಮನಿಗೆ ಮೂವರು ಅಕ್ಕತಂಗಿಯರು. ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಬಂದರೆ ಆಯಮ್ಮ ಹಸಿವಿಲ್ಲ ಎಂದು ಸುಮ್ಮನೆ ಕೂರುತ್ತಿದ್ದರು. ಅವರ ಮುಂದೆ ಮಗುವಿನ ಹಾಗೆ ತಿನ್ನಿಸಿಕೊಳ್ಳಲು ಮನಸ್ಸಿಲ್ಲ. ಅಕ್ಕತಂಗಿಯರ ಜೊತೆ ಕೂತು ಒಂದು ಬಟ್ಟಲನ್ನಾದರೂ ಗಂಡನ ಕೈಯಿಲ್ಲದೆ ತಿನ್ನಬೇಕು, ಅಷ್ಟೇ ಆಸೆ. ಅದಕ್ಕಾಗಿ ಯಜಮಾನರು ಜೇಡ, ಗೂಬೆ ಎಲ್ಲ ಬಿಚ್ಚಿಹಾಕಿ ಚಮಚ ಎತ್ತುವ ಒಂದು ಕೈ ಮಾಡುತ್ತಿದ್ದರು. ಪಾದದ ಕೆಳಗೆ ಗುಂಡಿ. ಒತ್ತಿದರೆ ಚಮಚ ಬಟ್ಟಲಿಗೆ ಇಳಿದು, ತುಂಬಿಕೊಂಡು, ಬಾಯಿಗೆ ಬಂದು ನಿಂತು, ವಾಪಸು ಹೋಗಬೇಕು.

ಮೊದಲು ಮಾಡಿದ್ದು ಆಯಮ್ಮನ ಮುಖಕ್ಕೆ ಸೂಪು ಎರಚಿತ್ತು. ಆಗಲೇ ಹೇಳಿಬಿಟ್ಟಿದ್ದರಂತೆ, "ಇನ್ಮೇಲೆ ಬೇರೆ ಯಾರಾದ್ರೂ ಇದ್ರಲ್ಲಿ ತಿಂದು ಸರಿ ಇದೆ ಅಂದ್ರೆ ಮಾತ್ರ ನನ್ನ ಹತ್ರ ತನ್ನಿ."

ಆ ಚಳಿಗಾಲವೆಲ್ಲ ನಾನೂ ಯಜಮಾನರೂ ಮೋಟಾರು ಪರೀಕ್ಷೆ ಮಾಡಿದೆವು. ಸರ್ವೋ ಎನ್ನುತ್ತಾರೆ. ಫ್ಯಾನಿನ ಮೋಟಾರು ಸುಮ್ಮನೆ ತಿರುಗುತ್ತದೆ. ಇದು ಹೇಳಿದಷ್ಟೇ ತಿರುಗಿ ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ಅವರು ಮೋಟಾರಿನ ಕಡ್ಡಿಗೆ ಮೊಳೆ ತುಂಬಿದ ಡಬ್ಬಿ ನೇತುಹಾಕಿ ಎತ್ತಿಸುವುದು, ನಾನು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ ಕೇಳುವುದು. ಕಾರ್ಖಾನೆಯಲ್ಲಿ ಹಾಗೇ ಮಾಡುತ್ತಿದ್ದೆವು. ಬೆರಳಿಟ್ಟು ಕಾವು ನೋಡುತ್ತಿದ್ದೆ. ಒಂದೆರಡು ಹೊಗೆಯಾಡಿ ಹೋದವು. ಪಾಸಾದ ಮೋಟಾರಿಗೆ ನಮ್ಮಲ್ಲಿ ಹಸಿರು ಬೊಟ್ಟು ಇಡುತ್ತಿದ್ದೆವು ಎಂದು ಒಮ್ಮೆ ಹೇಳಿದ್ದೆ. ಮಾರನೆಯ ದಿನವೇ ಹಸಿರು ಪೇಂಟಿನ ಪುಟಾಣಿ ಡಬ್ಬಿ ತಂದಿಟ್ಟರು.

"ಇನ್‌ಸ್ಪೆಕ್ಟರ್ ಬೊಟ್ಟು ಇಡದೆ ಏನೂ ಈ ಶೆಡ್ಡಿಂದ ಆಚೆ ಹೋಗೋ ಹಾಗಿಲ್ಲ" ಎಂದರು.

ಕೊನೆಗೆ ಉಳಿದದ್ದು ಒಂದೇ ಜಾಗ. ಚಮಚವನ್ನು ಬಾಯಿಗೆ ತರುವ ಕಡೆಯ ಮೋಟಾರು. ಅದಕ್ಕೆ ಎರಡು ಆರಿಸಿಟ್ಟಿದ್ದೆವು. ಒಂದು ನೀಲಿ, ಒಳಗೆ ಪ್ಲಾಸ್ಟಿಕ್ ಗೇರು, ಹಗುರ. ಹೊರೆ ಹಾಕಿದರೆ ಸ್ವಲ್ಪ ನಡುಗುತ್ತಿತ್ತು. ಇನ್ನೊಂದು ಕಪ್ಪು, ಲೋಹದ ಗೇರು, ಗಟ್ಟಿ. ನಿಂತಿತೆಂದರೆ ಬೆರಳಿನಿಂದ ತಳ್ಳಿದರೂ ಅಲ್ಲಾಡದು.

ಒಂದು ಗುರುವಾರ ಬೆಳಿಗ್ಗೆ ಗೋಡೆಯಾಚೆಯಿಂದ ಕರೆದರು. ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು, ವ್ಯಾನು ಬಂದು ನಿಂತಿತ್ತು. ಶೆಡ್ಡಿನಲ್ಲಿ ಕುರ್ಚಿ, ಮೇಜು, ಕೈ ಎಲ್ಲ ಹೊಂದಿಸಿಟ್ಟಿದ್ದರು. ಎರಡು ಬಟ್ಟಲಲ್ಲಿ ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು.

"ಕೂತ್ರೆ ನೀವೂ ಅವಳೂ ಒಂದೇ ಎತ್ತರ. ನೀಲೀಲಿ ಒಂದು ಬಟ್ಟಲು, ಆಮೇಲೆ ಬದಲಾಯಿಸಿ ಕಪ್ಪಲ್ಲಿ ಒಂದು ಬಟ್ಟಲು. ತಲೆ ದಿಂಬಿಗೆ ಇಟ್ಟೇ ತಿನ್ನಿ, ಅಲ್ಲಾಡಿಸ್ಬೇಡಿ. ನನ್ನ ಮುಖ ನೋಡಿ ಚೆನ್ನಾಗಿದೆ ಅನ್ಬೇಡಿ, ಇನ್‌ಸ್ಪೆಕ್ಟರ್. ನಿಜ ಹೇಳಿ." ಇಷ್ಟು ಹೇಳಿ ಹೊರಟರು.

ನಾನು ಕೂರಲಿಲ್ಲ.

ಆ ಚಮಚ ನೋಡಿದೆ. ಆಯಮ್ಮನ ಬಾಯಿಗೆ ಹೋಗಿ ಬಂದ ಚಮಚ, ದನದ ಮಾಂಸದ ಸೂಪಿನಲ್ಲಿ ಅದ್ದಿದ ಚಮಚ ಎಂದುಕೊಂಡೆ. ಎಂಜಲು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಕಾರ್ಖಾನೆಯಲ್ಲೂ ಅಷ್ಟು ವರ್ಷ ನಾನು ಗೋಡೆಗೆ ಮುಖ ಮಾಡಿ ನನ್ನ ಡಬ್ಬಿಯೊಂದನ್ನೇ ತಿಂದವಳು. ಆಗುವುದಿಲ್ಲ ಎಂದು ಅವರ ಮುಖಕ್ಕೇ ಹೇಳಬಹುದಿತ್ತು. ಅವರು ಬೇರೆ ಯಾರನ್ನಾದರೂ ಕೂರಿಸುತ್ತಿದ್ದರು. ಹೇಳಲಿಲ್ಲ. ಇನ್‌ಸ್ಪೆಕ್ಟರ್ ಎನ್ನಿಸಿಕೊಳ್ಳುವುದು ರುಚಿಯಾಗಿತ್ತಲ್ಲ.

ನಿಂತುಕೊಂಡೇ ಕಾಲಿನಿಂದ ಗುಂಡಿ ಒತ್ತಿದೆ. ಬಾಯಿ ಇರಬೇಕಾದ ಕಡೆ ಅಂಗೈ ಅಡ್ಡ ಹಿಡಿದೆ. ನೀಲಿ ಮೋಟಾರು ನಡುಗುತ್ತ ಬಂದು ಕಾಲು ಭಾಗ ಚೆಲ್ಲಿತು. ಕಪ್ಪು ಒಂದು ಹನಿ ಚೆಲ್ಲಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಿದೆ, ತಂಬೂರಿಯ ಹಾಗೆ ಒಂದೇ ಸಮ. ಚಮಚ ಅಂಗೈಗೆ ತಾಗಿದಾಗ ಒತ್ತಿತು, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಕೈ ಹಿಂದಕ್ಕೆ ಹೋಗುತ್ತದೆ. ದಿಂಬಿಗೆ ಒರಗಿಸಿ ಕಟ್ಟಿದ ತಲೆ ಹೋಗುವುದಿಲ್ಲ. ಅಷ್ಟು ಯೋಚನೆ ನನಗೆ ಬರಲಿಲ್ಲ. ಕೂತಿದ್ದರೆ ಯೋಚಿಸುವ ಅಗತ್ಯವೇ ಇರಲಿಲ್ಲ, ಹಲ್ಲಿಗೇ ಗೊತ್ತಾಗುತ್ತಿತ್ತು.

ಎರಡೂ ಬಟ್ಟಲಿನ ಬಾಳೆಹಣ್ಣನ್ನು ಹಿತ್ತಲ ಗಿಡದ ಬುಡಕ್ಕೆ ಸುರಿದು ಕಾಲಿನಿಂದ ಮಣ್ಣೆಳೆದೆ. ಬಟ್ಟಲು ತೊಳೆದಿಟ್ಟೆ. ಕಪ್ಪು ಮೋಟಾರಿಗೆ ಹಸಿರು ಬೊಟ್ಟು ಇಟ್ಟೆ.

ಸಾಯಂಕಾಲ ಅವರು ಬಂದು ಕೇಳಿದರು. "ಯಾವುದು?"

"ಬ್ಲ್ಯಾಕ್. ಗ್ರ್ಯಾಂಡ್" ಎಂದೆ. ಚೆನ್ನಾಗಿದೆ ಎನ್ನಲು ಇಲ್ಲಿಯವರ ಮಾತು ಅದು.

"ಎಲ್ಲಾ ತಿಂದ್ರಾ?"

"ಆಲ್ ಫಿನಿಶ್."

ಹಿಂದೆ ಗಾಲಿಕುರ್ಚಿಯಲ್ಲಿದ್ದ ಆಯಮ್ಮನತ್ತ ತಿರುಗಿ, "ಕೇಳಿದ್ಯಾ? ಖಾಲಿ ಮಾಡಿದಾರೆ" ಎಂದರು. ಆಯಮ್ಮ ನನ್ನನ್ನು ನೋಡಿ ನಕ್ಕರು. ಆ ನಗುವಿನಲ್ಲಿ ಬಾಯಿಯ ಒಂದು ಬದಿ ಮಾತ್ರ ಮೇಲೇಳುತ್ತಿತ್ತು...

ಆ ಭಾನುವಾರ ಊಟದ ಕೊನೆಯ ಸಿಹಿಗೆ ನನ್ನನ್ನೂ ಮಗಳನ್ನೂ ಕರೆದಿದ್ದರು. ಮೇಜಿನ ಸುತ್ತ ಮೂವರು ಅಕ್ಕತಂಗಿಯರು. ಆಯಮ್ಮ ಕೆನೆ ಬಣ್ಣದ ಬ್ಲೌಸು ತೊಟ್ಟಿದ್ದರು, ತುಟಿಗೆ ಬಣ್ಣ ಹಚ್ಚಿಸಿಕೊಂಡಿದ್ದರು. ಪಾದ ಒತ್ತಿದರು. ಮೊದಲ ಚಮಚ ಬಂತು, ತಿಂದರು. ಒಬ್ಬ ಅಕ್ಕ ಚಪ್ಪಾಳೆ ತಟ್ಟಿದರು.

"ಸುಮ್ನಿರೇ, ನಾನೇನು ಸರ್ಕಸ್ಸಾ?" ಎಂದು ಆಯಮ್ಮ ತೊದಲಿದರು. ಎಲ್ಲರೂ ನಕ್ಕರು. ಎರಡನೆಯದೂ ಸರಿಹೋಯಿತು.

ಮೂರನೆಯದಕ್ಕೆ ದವಡೆ ತೆರೆಯುವುದು ತಡವಾಯಿತು. ಚಮಚ ತುಟಿಗೆ ಬಂದು ತಾಗಿತು, ನಿಲ್ಲಲಿಲ್ಲ. ಅದಕ್ಕೆ ಹೇಳಿದ ಜಾಗ ಇನ್ನೂ ಒಂದು ಬೆರಳು ಒಳಗಿತ್ತು. ಮೋಟಾರಿನ ದನಿ ದಪ್ಪವಾದದ್ದು ಆ ಕೋಣೆಯಲ್ಲಿ ಮೊದಲು ಕೇಳಿಸಿದ್ದು ನನಗೇ. ಹೊರೆ ಬಿದ್ದಾಗ ಬರುವ ದನಿ ಅದು. ಯಜಮಾನರಿಗೆ ಕೇಳಿಸಲಿಲ್ಲ. ನಾನು "ಆಫ್! ಆಫ್!" ಎಂದು ಕೂಗಿ, ಅವರು ಬ್ಯಾಟರಿ ಕೀಳುವ ಹೊತ್ತಿಗೆ ಚಮಚದ ಅಂಚು ತುಟಿ ಸೀಳಿ ವಸಡಿಗೆ ಹೊಕ್ಕಿತ್ತು. ಕೆನೆ ಬಣ್ಣದ ಬ್ಲೌಸಿನ ಮೇಲೆ ಕಸ್ಟರ್ಡು, ರಕ್ತ. ಆಯಮ್ಮ ಅಳಲಿಲ್ಲ.

"ತೆಗೀರಿ ಅದನ್ನ" ಎಂದರು. ಆಮೇಲೆ ಕಣ್ಣು ನನ್ನ ಕಡೆ ತಿರುಗಿಸಿದರು. ನಾನು ಮೇಜಿನ ಬಟ್ಟೆ ನೋಡಿದೆ.

ಮನೆಗೆ ಬರುವಾಗ ಮಗಳು ಕಣ್ಣು ಒರೆಸಿಕೊಳ್ಳುತ್ತ ಹೇಳಿದಳು. "ಪಾಪ ಯಜಮಾನರು, ಎಷ್ಟು ಮಾಡಿದ್ರಮ್ಮ. ನೀನು ತಿಂದು ನೋಡೋಕೆ ಮೊದ್ಲೇ ಬಂದು, ನಿಮ್ಮಮ್ಮ ಏನೇನು ತಿನ್ನಲ್ಲ ಅಂತ ನನ್ನ ಕೇಳ್ಕೊಂಡು ಹೋಗಿದ್ರು. ಮೊಟ್ಟೆ ಇರತ್ತೆ ಅಂತ ಕಸ್ಟರ್ಡ್ ಬಿಟ್ಟು ಬಾಳೆಹಣ್ಣು ಹಾಕಿದ್ರು. ಚಮಚ, ಬಟ್ಟಲು ಎಲ್ಲಾ ನಿನಗೇಂತ ಹೊಸದು ತಂದಿದ್ರು."

ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಂದು ಬಿಟ್ಟೆ, ಇನ್ನೊಂದರಲ್ಲೇ ನಿಂತುಬಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ಅಚಾತುರ್ಯ ಎನ್ನಬಹುದಿತ್ತು. ಮೂರು ದಿನ ಬಿಟ್ಟು ಅವರು ಗೋಡೆಯ ಹತ್ತಿರ ಬಂದರು. ಗಡ್ಡ ಬೋಳಿಸಿರಲಿಲ್ಲ. ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಕೇಳಿದರು. "ಇನ್‌ಸ್ಪೆಕ್ಟರ್, ಕಪ್ಪು ಮೋಟಾರು ನಿಮಗೂ ಒತ್ತಿತಾ? ಒತ್ತಿದ್ರೆ ತಪ್ಪು ಮೋಟಾರಿಂದು, ನೀಲಿ ಹಾಕ್ತೀನಿ. ಒತ್ತಿಲ್ಲ ಅಂದ್ರೆ ತಪ್ಪು ಚಮಚ ಎಲ್ಲಿ ನಿಲ್ಬೇಕು ಅನ್ನೋ ನನ್ನ ಲೆಕ್ಕದ್ದು."

ಎಷ್ಟು ನೇರವಾದ ಪ್ರಶ್ನೆ. ನೀಲಿ ಮೋಟಾರು ತಡೆ ಸಿಕ್ಕರೆ ಬಗ್ಗುತ್ತದೆ, ನಾಲ್ಕು ಹನಿ ಚೆಲ್ಲುತ್ತದೆ, ಅಷ್ಟೆ. ಆ ಭಾನುವಾರ ರಾತ್ರಿಯೇ ನನಗೆ ಅದು ಹೊಳೆದಿತ್ತು. ಕಾರ್ಖಾನೆಯಲ್ಲಿ ಬಗ್ಗದ ಮೋಟಾರೇ ಒಳ್ಳೆಯ ಮೋಟಾರು, ಬಾಯಿಯ ಮುಂದೆ ಬಗ್ಗುವುದೇ ಒಳ್ಳೆಯದು. ನಾಲ್ಕು ಸ್ಕ್ರೂ ಬಿಚ್ಚಿ ಬದಲಾಯಿಸಿದ್ದರೆ ಆಗುತ್ತಿತ್ತು. ಆದರೆ ಒತ್ತಿತು ಎಂದರೆ, ಮತ್ತೆ ಯಾಕೆ ಪಾಸು ಮಾಡಿದಿರಿ ಎಂದು ಕೇಳುತ್ತಾರೆ. ಗಿಡದ ಬುಡದ ಬಾಳೆಹಣ್ಣಿನವರೆಗೆ ಹೋಗುತ್ತದೆ ಮಾತು.

"ನೋ ಪುಶ್" ಎಂದೆ. "ಫಾರ್ ಮಿ, ಗ್ರ್ಯಾಂಡ್."

ಅವರು ತಲೆಯಾಡಿಸಿದರು. ಹಾಗಾದರೆ ತಪ್ಪು ನನ್ನದೇ ಎಂದು ತಮಗೇ ಹೇಳಿಕೊಂಡು ಶೆಡ್ಡಿಗೆ ಹೋದರು. ಎರಡು ವಾರ ತಮ್ಮ ಲೆಕ್ಕದಲ್ಲಿ ಇಲ್ಲದ ತಪ್ಪನ್ನು ಹುಡುಕಿದರು. ವೈರು ಬದಲಾಯಿಸಿದರು, ಗುಂಡಿ ಬದಲಾಯಿಸಿದರು. ಕಪ್ಪು ಮೋಟಾರನ್ನು ಮಾತ್ರ ಮುಟ್ಟಲಿಲ್ಲ, ಅದರ ಮೇಲೆ ನನ್ನ ಬೊಟ್ಟು ಇತ್ತು. ಆಮೇಲೆ ಒಂದು ದಿನ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಶೆಡ್ಡಿಗೆ ಬೀಗ ಹಾಕಿದರು. ಆಯಮ್ಮ ಹೇಗೂ ಒಪ್ಪುತ್ತಿರಲಿಲ್ಲವೇನೋ... ಒಪ್ಪುತ್ತಿದ್ದರೋ ಏನೋ. ನಾನು ನಿಜ ಹೇಳಿದ್ದರೆ ಅದು ಗೊತ್ತಾಗುತ್ತಿತ್ತು.

ಭಾನುವಾರಗಳಲ್ಲಿ ಅಕ್ಕತಂಗಿಯರ ಕಾರು ಬರುವುದು ಕಡಿಮೆಯಾಯಿತು. ಮರು ವರ್ಷದ ಬೇಸಿಗೆಗೆ ಮೊದಲೇ ಆಯಮ್ಮ ಹೋದರು. ಕೊನೆಯವರೆಗೂ ಗಂಡನೇ ತಿನ್ನಿಸಿದರು. ಯಜಮಾನರು ಮನೆ ಮಾರಿ ಕಾರ್ಕ್ ಕಡೆ ಬ್ಯಾಲಿನ್‌ಕೊಲಿಗ್‌ಗೆ, ತಮ್ಮ ಮಗಳ ಮನೆಗೆ ಹೊರಟರು. ಹೋಗುವ ದಿನ ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ಅವಳಿಗೋಸ್ಕರ ನೀವು ಮಾಡಿದ್ದಕ್ಕೆಲ್ಲ ಥ್ಯಾಂಕ್ಸ್" ಎಂದರು. ನಾನು ಮಗಳ ಮುಂದೆ ಥ್ಯಾಂಕ್ಸನ್ನು ಇಸಕೊಂಡೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಶೆಡ್ಡು ಕಿತ್ತು ಹುಲ್ಲು ಹಾಕಿದ್ದಾರೆ. ಹೋದ ಚಳಿಗಾಲ ಯಜಮಾನರೂ ತೀರಿಕೊಂಡರೆಂದು ಅವರ ಮಗಳು ನನ್ನ ಮಗಳಿಗೆ ಫೋನು ಮಾಡಿ ಹೇಳಿದಳು. ಅಷ್ಟು ವರ್ಷವೂ ಅವರ ನಂಬರು ನಮ್ಮ ಮನೆಯಲ್ಲಿತ್ತು. ಒಂದು ದಿನವೂ ಫೋನು ಹಚ್ಚಿಕೊಡು ಎಂದು ನಾನು ಕೇಳಲಿಲ್ಲ.

ನಿನ್ನೆ ಮಗಳಿಗೆ ಎಲ್ಲ ಹೇಳಿದೆ. ಅವಳು ನನ್ನ ಮೇಲೆ ಕರುಣೆಯಿಂದ, "ಬಿಡಮ್ಮ, ಆ ಮೋಟಾರೇ ಸರಿ ಇರ್ಲಿಲ್ಲ ಅನ್ಕೋ" ಎಂದಳು.

"ಮೋಟಾರು ಸರಿಯಾಗೇ ಇತ್ತು ಕಣೇ" ಎಂದೆ. "ನಾನು ಕೂರ್ಲಿಲ್ಲ."

ಈ ಎರಡು ಮಾತು ಹೇಳಬೇಕಾಗಿದ್ದದ್ದು ಇವಳಿಗಲ್ಲ.