ಬಿಳಿ ಅಂಗಿ ಬಿಚ್ಚಿಟ್ಟ ಮಾಸ್ತರ

ಘಾಟಬೋರಾಳದ ಪ್ರಾಥಮಿಕ ಶಾಲೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿಗೂ ನರ್ಸರಿ ತೆರೆಯುತ್ತಾರಂತೆ ಎಂದಾಗ ಊರಿನವರು ಹೌದೇನು ಎಂದು ಸುಮ್ಮನಾದರು. ಆ ಕೂಸುಗಳಿಗೆ ಮಾಸ್ತರನಾಗಿ ಬರುವವನು ಅಂಬಾದಾಸ ಎಂದು ತಿಳಿದ ಮೇಲೆ ಮಾತ್ರ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಬೇರೆ ಸುದ್ದಿಗೆ ಜಾಗವೇ ಸಿಗಲಿಲ್ಲ.

ನಕ್ಕವರದ್ದು ಪೂರ್ತಿ ತಪ್ಪು ಎನ್ನಲಾಗದು. ಅಂಬಾದಾಸ ಯಾವ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದ ಆಳು. ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ. ತನ್ನ ಬಗ್ಗೆ ಅವನಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ಇರಬಾರದೇಕೆ? ಕೂಲಿ ಮಾಡುವವರ ಓಣಿಯಿಂದ ಬಸವಕಲ್ಯಾಣಕ್ಕೆ ಹೋಗಿ ಡಿ.ಎಡ್. ಮುಗಿಸಿದವನು. ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕುತ್ತಿಗೆಗೆ ಟೈ ಬಿಗಿದುಕೊಂಡು ವರ್ಷಾನುಗಟ್ಟಲೆ ಗಣಿತ ಹೇಳಿದವನು. ಸ್ವಂತ ಊರಿನ ಶಾಲೆಗೆ ಅತಿಥಿ ಶಿಕ್ಷಕರು ಬೇಕೆಂದಾಗ ಏಳನೆಯ ತರಗತಿಯ ಗಣಿತ ತನ್ನದೇ ಎಂದುಕೊಂಡು ಗಂಟುಮೂಟೆ ಕಟ್ಟಿಕೊಂಡೇ ಬಂದಿದ್ದ.

ಮುಖ್ಯೋಪಾಧ್ಯಾಯಿನಿ ಜಯಮಾಲಾ ಮೇಡಂ ಮಾಣಿಕನಗರದವರು, ದಿನಾ ಅಲ್ಲಿಂದಲೇ ಬಂದು ಹೋಗುವವರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ಬರುವುದಿಲ್ಲ.

“ಗಣಿತಕ್ಕ ಮಂದಿ ಬಂದಾರ್ರಿ ಅಂಬಾದಾಸ ಸರ್. ನರ್ಸರಿಗಿ ಬರಬೇಕಾದ ಟೀಚರ್ ಮದುವಿ ಆಗಿ ಸೋಲಾಪುರಕ್ಕ ಹೋದ್ರು. ಸಣ್ಣ ಮಕ್ಕಳಿಗಿ ನೀವು ನೋಡ್ಕೋತೀರೇನು?”

ಒಳಗಿನ ಅಭಿಮಾನ ಬಾಯಿ ತೆರೆಯುವ ಮೊದಲೇ ಅಂಬಾದಾಸ “ಆಗಲ್ರಿ ಮೇಡಂ” ಎಂದುಬಿಟ್ಟ. ಯಾಕೆ ಒಪ್ಪಿದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವನು ಅಕ್ಕ ದ್ರೌಪತಿಯ ಹೆಸರು ಹೇಳಬೇಕಾಗುತ್ತಿತ್ತು.

ಅಂಬಾದಾಸ ಅಂಬೆಗಾಲಿಡುತ್ತಿದ್ದಾಗ ದ್ರೌಪತಿ ಇದೇ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಳು. ಅವ್ವ ಅಪ್ಪ ಇಬ್ಬರೂ ಕಳೆ ಕೀಳಲು ಹೋದರೆ ತಮ್ಮನನ್ನು ನೋಡುವವರಿಲ್ಲ. ಅವಳು ಅವನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ತಂದಳು. ಅವನೋ, ಈಗಿನ ದನಿಗೆ ಆಗಲೇ ಬುನಾದಿ ಹಾಕಿದ್ದ, ತರಗತಿಯ ಸೂರು ಕಿತ್ತುಹೋಗುವಂತೆ ಅತ್ತ. ಕೂಸನ್ನು ಬಿಟ್ಟು ಬಾ ಎಂದರು ಮಾಸ್ತರು. ಬಿಡುವುದಕ್ಕೆ ಜಾಗ ಇರಲಿಲ್ಲ, ಹಾಗಾಗಿ ದ್ರೌಪತಿ ಬರುವುದನ್ನೇ ಬಿಟ್ಟಳು. ಮುಂದೆ ಅಂಬಾದಾಸನಿಗೆ ಓದುವ ವಯಸ್ಸಾದಾಗ ಕೈ ಹಿಡಿದು ಶಾಲೆಗೆ ಬಿಟ್ಟವಳೂ ಅವಳೇ. ಬಿಟ್ಟು ಹೊಲಕ್ಕೆ ಹೋದಳು. ಈಗಲೂ ಅದೇ ಊರಲ್ಲಿ, ತಮ್ಮನ ಮನೆಗೆ ಅಂಟಿದ ಮನೆಯಲ್ಲಿ ಗಂಡ, ಮಕ್ಕಳು, ಮೊಮ್ಮಗನೊಂದಿಗೆ ಇದ್ದಾಳೆ.

ಅಂತೂ ಮೊದಲ ದಿನ ಬಂತು. ಕೂಸುಗಳೇ ಇರಲಿ, ತಾನು ಮಾಸ್ತರನಾಗಿಯೇ ಹೋಗಬೇಕು ಎಂದು ಅಂಬಾದಾಸ ಹಟ ತೊಟ್ಟಿದ್ದ. ಹಾಲಿನಂಥ ಬಿಳಿ ಅಂಗಿ, ಮಿಂಚುವ ಬೂಟು, ಕೈಯಲ್ಲಿ ಬಸವಕಲ್ಯಾಣದ ಕಾಲದ ಕರೀ ಬ್ಯಾಗು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಬ್ಯಾಗನ್ನು ಮೇಜಿನ ಮೇಲಿಟ್ಟು, “ಎಲ್ಲಾರೂ ಆರಾಮ ಇದ್ದೀರೇನು ಮಕ್ಕಳೇ” ಎಂದ.

ಕೋಣೆಗೆ ಕೋಣೆಯೇ ಕಿರುಚಿಕೊಂಡಿತು. ಇಬ್ಬರು ಮೇಜಿನ ಕೆಳಗೆ ನುಗ್ಗಿದರು. ಒಬ್ಬ ಕಿಟಕಿಯ ಸರಳು ಹಿಡಿದು ಅವ್ವನನ್ನು ಕರೆದ. ಒಂದು ಮಗು ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿತು. ಮೊದಲ ದಿನ ಎಲ್ಲ ಮಕ್ಕಳೂ ಅಳುತ್ತಾರೆ ಎಂದು ಅಂಬಾದಾಸ ತನ್ನನ್ನು ಸಮಾಧಾನ ಮಾಡಿಕೊಂಡ. ಎರಡನೆಯ ದಿನವೂ ಹಾಗೇ ಆಯಿತು. ಬಲೂನು ತಂದ, ಬಿಸ್ಕಿಟು ತಂದ, ಗೋಡೆಗೆ ಮೊಲ, ಗಿಳಿಗಳ ಚಿತ್ರ ಅಂಟಿಸಿದ. ತನ್ನಲ್ಲೇ ಏನೋ ಕೊರತೆ ಇರಬೇಕೆಂದು ಅಂಗಿಗೆ ಇನ್ನಷ್ಟು ನೀಲಿ ಹಾಕಿಸಿ, ಇನ್ನಷ್ಟು ಗಟ್ಟಿಯಾಗಿ ಇಸ್ತ್ರಿ ಮಾಡಿಸಿದ. ಅಂಗಿ ಬೆಳ್ಳಗಾದಷ್ಟೂ ಅಳು ಜೋರಾಯಿತು.

ಆ ಗಲಾಟೆಯಲ್ಲಿ ಬಾಗಿಲ ಬಳಿ ಒಬ್ಬ ಹುಡುಗಿ ಮಾತ್ರ ಅಳದೆ ಕೂತಿರುತ್ತಿದ್ದಳು. ಅವಳು ವಿಶಾಖಾ, ಅಂಬಾದಾಸನ ಓಣಿಯ ಕಾಂತಾಬಾಯಿಯ ದೊಡ್ಡ ಮಗಳು. ಅವಳದು ನಾಲ್ಕನೆಯ ತರಗತಿ, ಅಂಗಳದ ಆಚೆ ಬದಿಯ ಕೋಣೆ. ಆದರೆ ಕಾಂತಾಬಾಯಿ ಹೊತ್ತು ಮೂಡುವ ಮುಂಚೆ ಸೋಯಾ ಹೊಲಕ್ಕೆ ಕಳೆ ಕೀಳಲು ಹೋಗುತ್ತಾಳೆ. ಸಣ್ಣವಳು ಧನಶ್ರೀ ನರ್ಸರಿಯಲ್ಲಿ ಅಕ್ಕನ ಲಂಗ ಬಿಡುವುದಿಲ್ಲ. ಹಾಗಾಗಿ ವಿಶಾಖಾ ದಿನಾ ಶಾಲೆಗೆ ಬಂದೂ ತನ್ನ ತರಗತಿಗೆ ಹೋಗುತ್ತಿರಲಿಲ್ಲ. ಆಚೆ ಕೋಣೆಯಿಂದ ಮಗ್ಗಿ ಕೇಳಿಬಂದರೆ ತಂಗಿಯ ಬೆನ್ನು ತಟ್ಟುತ್ತಲೇ ಅವಳ ತುಟಿಗಳು ಅದನ್ನು ಹೇಳಿಕೊಳ್ಳುತ್ತಿದ್ದವು. ಅದನ್ನು ನೋಡಿದ ದಿನ ಅಂಬಾದಾಸನಿಗೆ ತನ್ನನ್ನು ಹೊತ್ತ ಸೊಂಟವೇ ಬಾಗಿಲಲ್ಲಿ ಬಂದು ಕೂತಂತೆ ಅನ್ನಿಸಿತು.

ಜಯಮಾಲಾ ಮೇಡಂ ಒಂದು ಸಂಜೆ ಕರೆದು ಹೇಳಿದರು. “ಸರ್, ನರ್ಸರಿಗಿ ಕೊಟ್ಟ ಆ ಕೋಣಿ ಇಲ್ದೇ ನಾಲ್ಕನೇದವರು ಐದನೇದವರು ಒಂದೇ ಕಡಿ ಕೂಡಾಕತ್ತಾರ. ಮಕ್ಕಳು ಬರೀ ಅಳಾಕತ್ರ ನಾ ಹ್ಯಾಂಗ ನಡಸಲಿ? ತಿಂಗಳ ಕೊನಿ ತನಕ ನೋಡ್ತೀನಿ. ನಿಂತ್ರ ನಿಂತ್ವು, ಇಲ್ಲಂದ್ರ ನರ್ಸರಿ ಬಂದ್ ಮಾಡೋದೇ.”

ಬಂದ್ ಆದರೆ ತಾನು ಬಸವಕಲ್ಯಾಣಕ್ಕೆ ವಾಪಸು ಹೋಗಬಹುದು, ಟೈ ಇದೆ. ವಿಶಾಖಾಳಿಗೆ ಹೋಗುವ ಜಾಗ ಯಾವುದು ಎಂದು ಅಂಬಾದಾಸ ಯೋಚಿಸಿದ. ಕಾಂತಾಬಾಯಿಯನ್ನು ಕೇಳಿದರೆ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

“ಸಣ್ಣಾಕಿ ಸಾಲ್ಯಾಗ ನಿಲ್ಲಲಿಲ್ಲಂದ್ರ ದೊಡ್ಡಾಕಿ ಮನ್ಯಾಗ ಇರ್ತಾಳ್ರಿ ಸರ್. ನಾ ಏನ್ ಮಾಡ್ಲಿ, ಹೊಲದಾಗ ಹಾವು ಹುಳ ಇರ್ತಾವ.”

ಮರುದಿನ ಅವನು ಧನಶ್ರೀಯನ್ನು ಪಾಟಿಯ ಮೇಲೆ ಗೆರೆ ಎಳೆಸೋಣವೆಂದು ಹತ್ತಿರ ಕರೆದ. ದನಿಯನ್ನು ಎಷ್ಟು ಸಣ್ಣ ಮಾಡಲಾಗುತ್ತದೋ ಅಷ್ಟು ಸಣ್ಣ ಮಾಡಿದ. ಹುಡುಗಿ ಬಿಕ್ಕುತ್ತಲೇ ಬಂತು. ಬಂದದ್ದೇ ಕಣ್ಣು ಬಿಗಿಯಾಗಿ ಮುಚ್ಚಿ, ಫ್ರಾಕಿನ ತೋಳನ್ನು ಭುಜದವರೆಗೆ ಸರಿಸಿ, ತೋಳು ಮುಂದೆ ಚಾಚಿತು.

“ನನಗ ಒಂದೇ ಮಾಡ್ರಿ ಸರ್,” ಎಂದಿತು. “ಅಕ್ಕಗ ಮಾಡಬ್ಯಾಡ್ರಿ.”

ಅಂಬಾದಾಸ ಬಳಪ ಹಿಡಿದುಕೊಂಡೇ ನೆಲಕ್ಕೆ ಕೂತ. ಬೇಸಿಗೆಗೆ ಮುಂಚೆ ಇದೇ ಕೋಣೆಯಲ್ಲಿ ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿದ್ದರು. ಹಾಕಿದವರದೂ ಇದೇ ಬಿಳಿ ಅಂಗಿ, ಕರೀ ಬ್ಯಾಗು, ಬೂಟು. ಅಂದಿನಿಂದ ಊಟ ಮಾಡದ, ಮಲಗದ, ಮಾತು ಕೇಳದ ಪ್ರತಿ ಮಗುವಿಗೂ ತಾಯಂದಿರು ಹೇಳುವುದು ಒಂದೇ: ಬಿಳಿ ಅಂಗಿ ಸರ್ ಬಂದು ಸೂಜಿ ಮಾಡ್ತಾನ ನೋಡು. ತಾಯಂದಿರನ್ನು ಬಯ್ಯುವ ಹಾಗೂ ಇಲ್ಲ. ದ್ರೌಪತಿಯ ಮೊಮ್ಮಗ ಹಟ ಮಾಡಿದಾಗ ಇದೇ ಮಾತು ಹೇಳಿ ಹೆದರಿಸಿದವನು ಸ್ವತಃ ಅಂಬಾದಾಸ. ತಾನೇ ಸಾಕಿ ಬೆಳೆಸಿದ ಗುಮ್ಮನ ವೇಷ ಹಾಕಿಕೊಂಡು ದಿನಾ ಬೆಳಿಗ್ಗೆ ಮಕ್ಕಳೆದುರು ನಿಂತಿದ್ದ, ಅದೂ ಇಸ್ತ್ರಿ ಮಾಡಿಸಿ.

ಅವನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿ ಬಂತು. ಅಷ್ಟು ಹೆದರಿದ ಪೋರಿ ಅಕ್ಕನಿಗೆ ಬೇಡ ಎಂದಿದ್ದಳಲ್ಲ. ಅವಳ ತೋಳನ್ನು ಮೆಲ್ಲಗೆ ಕೆಳಗಿಳಿಸಿ, “ಯಾರಿಗೂ ಮಾಡಂಗಿಲ್ಲ ತಾಯಿ” ಎಂದ. ಅವಳು ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ಅಂಬಾದಾಸ ಶಾಲೆಗೆ ಬಂದ ರೀತಿಯನ್ನು ಘಾಟಬೋರಾಳ ಇನ್ನೂ ಮರೆತಿಲ್ಲ. ಮೈಮೇಲೆ ಹುಮನಾಬಾದ್ ಬಜಾರಿನ ಗಿಳಿಹಸಿರು ಹೂವಿನ ಅಂಗಿ, ಹೆಗಲ ಮೇಲೆ ಟವೆಲ್ಲು, ಬರಿಗಾಲು, ತಲೆಯ ಮೇಲೆ ಎರೆಮಣ್ಣಿನ ಬುಟ್ಟಿ. ಕೋಣೆಯೊಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತು ಎರಡೂ ಕಿಸೆಗಳನ್ನು ಹೊರಗೆಳೆದು ತೋರಿಸಿದ, ಖಾಲಿ ಕೈ ತಿರುವಿ ತಿರುವಿ ತೋರಿಸಿದ. ಆಮೇಲೆ ಒಂದು ತೊಗರಿ ಕಡ್ಡಿ ತೆಗೆದು ಧನಶ್ರೀಯ ಕೈಗೆ ಕೊಟ್ಟು, ತನ್ನ ಅಂಗಿಯ ತೋಳು ಮೇಲಕ್ಕೆ ಸರಿಸಿ, ಕಣ್ಣು ಮುಚ್ಚಿ ಕೈ ಚಾಚಿದ.

“ನೀ ಮಾಡು ನನಗ. ಮೆಲ್ಲಕ ಮಾಡು, ನನಗ ಬಹಳ ಅಂಜಿಕಿ ಬರ್ತದ.”

ಧನಶ್ರೀ ಅಕ್ಕನ ಮುಖ ನೋಡಿದಳು. ವಿಶಾಖಾ ತಲೆಯಾಡಿಸಿದಳು. ಕಡ್ಡಿ ತೋಳಿಗೆ ತಾಗಿತೋ ಇಲ್ಲವೋ, ಅಂಬಾದಾಸ ಸತ್ತೆನೋ ಕೆಟ್ಟೆನೋ ಎಂದು ಬೊಬ್ಬೆ ಹಾಕಿ ಅಂಗಾತ ಬಿದ್ದ. ಮೇಜಿನ ಕೆಳಗಿಂದ ಒಂದು ನಗು, ಕಿಟಕಿಯ ಹತ್ತಿರದಿಂದ ಇನ್ನೊಂದು. ಆಮೇಲೆ ನನಗ ಕೊಡು, ನನಗ ಕೊಡು ಎಂದು ನೂಕುನುಗ್ಗಲು. ಸಾಲಾಗಿ ಬಂದರಷ್ಟೇ ಎಂದು ಮಾಸ್ತರ ಬಿದ್ದಲ್ಲಿಂದಲೇ ಕಾನೂನು ಮಾಡಿದ.

ಆ ಬೊಬ್ಬೆ ಕೇಳಿ ಓಡಿ ಬಂದ ಜಯಮಾಲಾ ಮೇಡಂ ಬಾಗಿಲಲ್ಲೇ ನಿಂತರು. ನೆಲದ ಮೇಲೆ ಆರಡಿ ಆಳು, ಅವನ ಮುಂದೆ ಶಿಸ್ತಾಗಿ ಸಾಲು ನಿಂತ ಮಕ್ಕಳು, ಒಬ್ಬೊಬ್ಬರು ಚುಚ್ಚಿದಾಗಲೂ ಒಂದು, ಎರಡು, ಮೂರು ಎಂದು ಎಲ್ಲರೂ ಕೂಗುತ್ತಿದ್ದಾರೆ.

“ಇದು ಯಾವ ಪಾಠ್ರಿ ಸರ್?”

“ಗಣಿತ್ರಿ ಮೇಡಂ,” ಎಂದ ಅಂಬಾದಾಸ, ಮಲಗಿದಲ್ಲಿಂದಲೇ.

ಮೇಡಂ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಅಂದಿನಿಂದ ನರ್ಸರಿಯ ದಿನಚರಿಯೇ ಬೇರೆಯಾಯಿತು. ಬಂದ ಮಗು ತನ್ನದೊಂದು ಕಲ್ಲನ್ನು ತಟ್ಟೆಗೆ ಹಾಕಬೇಕು, ಅದೇ ಹಾಜರಿ. ಎರೆಮಣ್ಣಿನಲ್ಲಿ ರೊಟ್ಟಿ ಬಡಿಯಬೇಕು, ದೊಡ್ಡದು ಯಾರದು, ಸಣ್ಣದು ಯಾರದು ಎಂದು ಜೋಡಿಸಬೇಕು. ಜೋಳ, ಹೆಸರು, ತೊಗರಿಯನ್ನು ಬೆರೆಸಿಟ್ಟರೆ ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿ ಹೆಸರು ಹೇಳಬೇಕು. ಕಡೆಯ ಆಟ ಬಸ್ಸಿನದು. ಹಗ್ಗದೊಳಗೆ ಎಲ್ಲರೂ ನಿಂತು ಅಂಗಳ ಸುತ್ತುವುದು. ಬೇವಿನ ಮರ ಹುಮನಾಬಾದ್, ನೀರಿನ ಟಾಕಿ ಮಾಣಿಕನಗರ, ಗೇಟು ಬಸವಕಲ್ಯಾಣ. ಇಳಿಯುವವರು ಊರ ಹೆಸರು ಹೇಳಿಯೇ ಇಳಿಯಬೇಕು.

ಚಹಾದಂಗಡಿಯವರು ಬಿಡುತ್ತಾರೆಯೇ? ಒಂದು ಸಂಜೆ ಪಂಡರಿ ಎಂಬ ಮಾತಿನಮಲ್ಲ ಬೆಂಚಿನ ಮೇಲಿಂದಲೇ ಕೂಗಿದ. “ಏನ್ರಿ ಮಾಸ್ತರ್, ಇವತ್ತ ಎಷ್ಟ ಮಂದಿ ಚಡ್ಡಿ ಕಟ್ಟಿದ್ರಿ?”

ಹೊಲದಿಂದ ಬರುತ್ತಿದ್ದ ದ್ರೌಪತಿಯ ಕಿವಿಗೆ ಅದು ಬಿತ್ತು. ಅವಳು ಹುಲ್ಲಿನ ಹೊರೆ ಇಳಿಸಲೂ ಇಲ್ಲ.

“ಇವನ ಚಡ್ಡಿ ನಾ ಕಟ್ಟೀನಿ, ಇವ ಮಾಸ್ತರ ಆದ. ಊರ ಮಕ್ಕಳದು ಇವ ಕಟ್ಟಿದ್ರ ನಾಳಿ ಏನೇನ್ ಆಗ್ತಾವೋ. ನಿನ್ನ ಮೊಮ್ಮಗಂದೂ ಇವನೇ ಕಟ್ಟಾಕತ್ತಾನ, ಚಹಾ ಕುಡದು ಮನಿಗಿ ಹೋಗು.”

ಪಂಡರಿ ಚಹಾ ಕುಡಿದ. ಅಂಬಾದಾಸ ಅಕ್ಕನ ಹಿಂದೆ ಎದೆ ಉಬ್ಬಿಸಿಕೊಂಡು ನಡೆದ. ಅವನಿಗೆ ಎದೆ ಉಬ್ಬಲು ಕಾರಣ ಬೇಕಿರಲಿಲ್ಲ ನಿಜ, ಆದರೆ ಅಂದು ಕಾರಣವಿತ್ತು.

ಆದರೂ ಮುಖ್ಯ ಮಾತು ಉಳಿದೇ ಇತ್ತು. ಮಕ್ಕಳು ನರ್ಸರಿಯಲ್ಲಿ ನಿಂತರು, ಆದರೆ ವಿಶಾಖಾ ಬಾಗಿಲಲ್ಲೇ ಇದ್ದಳು. ಅವಳು ಎದ್ದರೆ ಧನಶ್ರೀ ಮಣ್ಣಿನ ರೊಟ್ಟಿ ಬಿಟ್ಟು ಹಿಂದೆ ಓಡುತ್ತಿದ್ದಳು. ಜಯಮಾಲಾ ಮೇಡಂ ಅದನ್ನೂ ನೋಡಿದ್ದರು. “ಒಂದು ಮಗು ಸಾಲಿ ಕಲೀಲಿ ಅಂತ ಇನ್ನೊಂದು ಮಗು ಸಾಲಿ ಬಿಡೋದು ನನಗ ನಡೆಂಗಿಲ್ಲ ಸರ್. ಆ ಹುಡುಗಿ ತನ್ನ ಕ್ಲಾಸಿನಾಗ ಕೂತ ದಿನ ನರ್ಸರಿ ಉಳೀತು ಅಂತೀನಿ.” ತಿಂಗಳು ಮುಗಿಯಲು ಹೆಚ್ಚು ದಿನ ಇರಲಿಲ್ಲ.

ಆ ಮಾತು ಅಂಬಾದಾಸನಿಗೆ ಚುಚ್ಚಲಿಲ್ಲ, ತನ್ನ ಮನಸ್ಸಿನದೇ ಅನ್ನಿಸಿತು. ಹೊಸ ಕರುವಿಗೆ ಹಗ್ಗ ಸಡಿಲ ಬಿಡುವಂತೆ ಅವನು ಅಕ್ಕನನ್ನು ತಂಗಿಯಿಂದ ಸ್ವಲ್ಪ ಸ್ವಲ್ಪವೇ ದೂರ ಬಿಟ್ಟ. ಒಂದು ದಿನ ವಿಶಾಖಾ ಹೊಸ್ತಿಲ ಹೊರಗೆ ಕೂತಳು. ಮುಂದೆ ಪಡಸಾಲೆಯ ಕಂಬಕ್ಕೆ ಒರಗಿ. ಆಮೇಲೆ ಬೇವಿನ ಮರದ ಕೆಳಗೆ. ಧನಶ್ರೀ ತಲೆಯೆತ್ತಿ ನೋಡಿದಾಗಲೆಲ್ಲ ಅಕ್ಕ ಕೈಯೆತ್ತಬೇಕು, ಅಷ್ಟೇ ಕರಾರು. ಬೇವಿನ ಮರದ ಹತ್ತಿರ ಒಮ್ಮೆ ಕೆಲಸ ಕೆಟ್ಟಿತು, ವಿಶಾಖಾ ಕೈಯೆತ್ತಲು ಮರೆತು ಮಗ್ಗಿ ಕೇಳುತ್ತ ಕೂತಿದ್ದಳು, ಇತ್ತ ಧನಶ್ರೀ ರಂಪ ಮಾಡಿದಳು. ಮತ್ತೆ ಹೊಸ್ತಿಲಿನಿಂದ ಶುರು. ಅಂಬಾದಾಸ ಬಯ್ಯಲಿಲ್ಲ. ಕಡೆಗೊಂದು ಬೆಳಿಗ್ಗೆ ವಿಶಾಖಾಳನ್ನು ನಾಲ್ಕನೆಯ ತರಗತಿಯ ಕಿಟಕಿಯ ಪಕ್ಕ ಕೂರಿಸಿ ಬಂದ. ಧನಶ್ರೀ ನೋಡಿದಳು. ಕಿಟಕಿಯಲ್ಲಿ ಕೈ ಎದ್ದಿತು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದಳು, ಮತ್ತೆ ಎದ್ದಿತು. ಆಮೇಲೆ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ನೋಡುವುದನ್ನೇ ಬಿಟ್ಟಳು.

ಸಣ್ಣ ಬಿಡುವಿನ ಗಂಟೆ ಹೊಡೆಯಿತು. ಅಂದು ಹೊಲಕ್ಕೆ ರಜೆ ಹಾಕಿದ್ದ ದ್ರೌಪತಿ ತಮ್ಮನಿಗೆ ಬಿಸಿ ರೊಟ್ಟಿ ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ನಿಂತಿದ್ದಳು. ವಿಶಾಖಾ ಅಂಗಳ ದಾಟಿ ಓಡಿ ಬಂದಳು. ಬರುವಾಗಲೇ ಎಡ ಸೊಂಟ ಓರೆಯಾಗಿತ್ತು, ಎತ್ತಿಕೊಳ್ಳಲು ಕೈ ಚಾಚಿಯಾಗಿತ್ತು.

ಧನಶ್ರೀ ಮಣ್ಣಿನ ಕೈಯಿಂದ ಅಕ್ಕನನ್ನು ಹಿಂದಕ್ಕೆ ತಳ್ಳಿದಳು. “ನೀ ನಿನ್ನ ಸಾಲಿಗಿ ಹೋಗು ಅಕ್ಕಾ. ನಂದು ಸಾಲಿ ನಡದದ.”

ವಿಶಾಖಾ ಹಾಗೇ ನಿಂತಳು. ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಒಮ್ಮೆ ಸರ್ ಕಡೆ ನೋಡಿದಳು, ಒಮ್ಮೆ ಅಂಗಳದಲ್ಲಿ ಖೋ ಖೋ ಆಡುತ್ತಿದ್ದ ತನ್ನ ತರಗತಿಯ ಹುಡುಗಿಯರ ಕಡೆ. ಯಾರೋ ಅವಳ ಹೆಸರು ಹಿಡಿದು ಕರೆದರು. ಮೆಲ್ಲಗೆ ಅವಳ ಸೊಂಟ ನೆಟ್ಟಗಾಯಿತು, ಕಾಲುಗಳು ಓಡಿದವು.

ಅಂಬಾದಾಸನ ಎದೆಯಲ್ಲಿ ಹೆಮ್ಮೆ ಎಂಬುದು ಎಂದೂ ಇಲ್ಲದಷ್ಟು ತುಂಬಿಕೊಂಡಿತು. ಮೊದಲ ಸಲ ಅದನ್ನು ಹೇಳಿಕೊಳ್ಳಲು ಹೋಗದೆ ಅಕ್ಕನ ಮುಖ ನೋಡಿದ. ದ್ರೌಪತಿ ಆ ಹುಡುಗಿ ಓಡುವುದನ್ನೇ ನೋಡುತ್ತಿದ್ದಳು.

“ಹಗುರ ಓಡ್ತಾಳ ನೋಡೋ ತಮ್ಮಾ,” ಎಂದಳು. “ಸೊಂಟದ ಮ್ಯಾಲ ಏನೂ ಭಾರ ಇಲ್ಲ.”

ಗಂಟೆ ಮತ್ತೆ ಹೊಡೆಯಿತು. ವಿಶಾಖಾ ನರ್ಸರಿಯ ಕಡೆ ತಿರುಗಿ ನೋಡದೆ ನಾಲ್ಕನೆಯ ತರಗತಿಯೊಳಗೆ ಹೋದಳು.