ಹಾಡುತ್ತ ಬರುವ ಅಲಾಂಜೊ

ಮಿಸ್ಸೂರಿಯ ಆ ಪುಟ್ಟ ಊರಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುವ ಅಲಾಂಜೊ ಪ್ರುಯಿಟ್ ಯಾವ ಅಂಗಳಕ್ಕೂ ಸದ್ದಿಲ್ಲದೆ ಕಾಲಿಟ್ಟವನಲ್ಲ. ರಸ್ತೆಯಿಂದಲೇ ಚರ್ಚಿನ ಹಾಡೊಂದನ್ನು ಗಟ್ಟಿಯಾಗಿ ಹಾಡುತ್ತ, ಎರಡೂ ಕೈ ಕಾಣುವಂತೆ ಪೆಟ್ಟಿಗೆಯನ್ನು ಎದೆಯ ಮುಂದೆ ಹಿಡಿದು, ನೈವೇದ್ಯ ತಂದವನಂತೆ ನಡೆದುಬರುತ್ತಾನೆ. ಮಳೆ ಸುರಿದರೂ ಓಡುವುದಿಲ್ಲ, ನಾಯಿ ಅಟ್ಟಿಸಿಕೊಂಡು ಬಂದರೂ ಓಡುವುದಿಲ್ಲ. ಓಡುವ ಕರಿಯನನ್ನು ಕಂಡರೆ ಊರಿಗೆ ಕಳ್ಳನೇ ನೆನಪಾಗುತ್ತಾನೆಂದು ಅವನಿಗೆ ಗೊತ್ತು. ಗಂಟೆ ಒತ್ತಿದವನೇ ಮೆಟ್ಟಿಲಿಳಿದು ದೂರ ನಿಲ್ಲುತ್ತಾನೆ. "ಏನಯ್ಯಾ, ಮದುವೆ ದಿಬ್ಬಣದ ಥರ ಬರ್ತೀಯಲ್ಲ!" ಎಂದು ಬಾಗಿಲು ತೆರೆದ ಮುದುಕ ಹಾಜ್ ಕಿಚಾಯಿಸಿದರೆ, "ಸುಮ್ನೆ ಬಂದ್ರೆ ನಿಮ್ಮ ಬಂದೂಕು ಯಾರು ಅಂತ ಕೇಳಲ್ವಲ್ಲ ಸಾರ್" ಎಂದು ಅವನನ್ನೂ ನಗಿಸುತ್ತಾನೆ. ಚುನಾವಣೆ ಬಂತೆಂದರೆ ಅಂಗಳಗಳಲ್ಲಿ ಎದುರುಬದುರು ಪಕ್ಷಗಳ ಫಲಕಗಳು ಏಳುತ್ತವೆ, ಅಕ್ಕಪಕ್ಕದವರು ಮಾತು ಬಿಡುತ್ತಾರೆ. "ನೀನು ಯಾರ ಕಡೆ?" ಎಂದವರಿಗೆಲ್ಲ "ನಂದು ಪಾರ್ಸೆಲ್ ಪಕ್ಷ ಅಮ್ಮಾ, ಇಲ್ಲೊಂದು ಸಹಿ ಹಾಕಿ" ಎನ್ನುತ್ತಾನೆ. ಎರಡೂ ಪಕ್ಷದವರ ಬಾಗಿಲ ಹಿಂದೆ ಬಂದೂಕಿರುತ್ತದೆ. ಇಷ್ಟೆಲ್ಲ ಜಾಣತನ ಕಲಿತವನಿಗೆ ಮಗನ ವಿಷಯದಲ್ಲಿ ಮಾತ್ರ ದಾರಿ ತೋಚುವುದಿಲ್ಲ. ಹುಟ್ಟುಹಬ್ಬದ ದಿನ ಹುಡುಗನನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ಎತ್ತರದ ಗೆರೆ ಎಳೆಯುವುದು ಆ ಮನೆಯ ವಾಡಿಕೆ. ಈ ಸಲ ಹದಿಮೂರರ ಐಸಾಯ ಗಂಡಸಿನಷ್ಟು ಬೆಳೆದು ನಿಂತಿದ್ದ. ನಿನ್ನೆಯವರೆಗೆ ಅವನ ಕೆನ್ನೆ ಹಿಂಡುತ್ತಿದ್ದ ಊರು ಇನ್ನು ಅವನನ್ನು ಕಂಡು ಹೆದರುತ್ತದೆ. "ಅಪ್ಪಾ, ನನ್ನ ತಲೆ ಇನ್ನೂ ಮೇಲಿದೆ! ಅಷ್ಟು ಕೆಳಗ್ಯಾಕೆ ಎಳೀತಿದ್ದೀಯ?" ಎಂದು ಹುಡುಗ ನಕ್ಕ. ಅಲಾಂಜೊ ಪೆನ್ಸಿಲನ್ನು ಮೇಲಕ್ಕೆತ್ತಲಿಲ್ಲ. "ಸಾಕು ಮಗನೇ," ಎಂದ, "ಈ ವರ್ಷಕ್ಕೆ ಇಷ್ಟು ಸಾಕು."